ಎನ್‌ಗೊರೊಂಗೊರೊ ಕುಳಿಯಲ್ಲಿ ಗೈಡ್ ಜೊತೆ ಒಂದು ಹಗಲು

ಟಾಂಜಾನಿಯಾದಲ್ಲಿ ಹಳೆಯ ಜ್ವಾಲಾಮುಖಿ ಕುಸಿದು ಆದ, ಕಾಡುಪ್ರಾಣಿಗಳು ತುಂಬಿರುವ ಎನ್‌ಗೊರೊಂಗೊರೊ ಕುಳಿಗೆ ಇಳಿಯುವ ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಕುಳಿಯ ಅಂಚು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ತೆಳು ಅಂಗಿಯಲ್ಲಿ ಬಂದವರು ಆ ಮಂಜಿನಲ್ಲಿ ನಡುಗುತ್ತಾರೆ. ಪಳಗಿದ ಗೈಡ್‌ಗಳು ಲ್ಯಾಂಡ್ ಕ್ರೂಸರಿನಲ್ಲಿ ಕಂಬಳಿ ಇಟ್ಟಿರುತ್ತಾರೆ, ತಳ ಮುಟ್ಟುವವರೆಗೂ ಚಾವಣಿ ಎತ್ತುವುದಿಲ್ಲ.

ಸೆನೆಟೊ ದಾರಿ ಇಳಿಯುವುದಕ್ಕೆ ಮಾತ್ರ. ಸುಮಾರು 600 ಮೀಟರ್ ಆಳದ ಇಳಿಜಾರನ್ನು ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಕೆಳಗೆ ಸುಮಾರು 260 ಚದರ ಕಿಲೋಮೀಟರ್ ಬಯಲು. ದಾರಿ ಬಿಟ್ಟು ವಾಹನ ಇಳಿಸುವಂತಿಲ್ಲ. ಹಾಗಾಗಿ ಪ್ರಾಣಿಯ ಹತ್ತಿರ ಹೋಗುವ ಮಾತೇ ಇಲ್ಲ, ಅದು ಬರುವ ಕಡೆ ಮೊದಲೇ ಹೋಗಿ ನಿಲ್ಲಬೇಕು. ಗೈಡ್‌ನ ಕಸುಬೆಲ್ಲ ಇರುವುದು ಇಲ್ಲಿಯೇ.

ಅತಿಥಿಗಳು ಸಿಂಹ ಹುಡುಕುತ್ತಾರೆ, ಗೈಡ್ ಜೀಬ್ರಾಗಳನ್ನು ನೋಡುತ್ತಾರೆ. ಇಡೀ ಹಿಂಡು ಮೇಯುವುದನ್ನು ಬಿಟ್ಟು, ಕಿವಿ ಮುಂದೆ ಮಾಡಿ ಒಂದೇ ದಿಕ್ಕಿಗೆ ಮುಖ ತಿರುಗಿಸಿ ನಿಂತಿದ್ದರೆ ಆ ಹುಲ್ಲಿನಲ್ಲಿ ಏನೋ ಇದೆ. ರಣಹದ್ದುಗಳು ಮೇಲೆ ಸುತ್ತುತ್ತಿದ್ದರೆ ಅದಕ್ಕೆ ಬೆಲೆ ಕಡಿಮೆ, ಬಿಸಿಗಾಳಿ ಹಿಡಿದು ಮೇಲೇರುತ್ತಿರಬಹುದು. ಒಂದರ ಹಿಂದೊಂದು ನೇರ ಕೆಳಗಿಳಿಯುತ್ತಿದ್ದರೆ ಮಾತ್ರ ಅಲ್ಲಿ ಬೇಟೆ ಬಿದ್ದಿರುತ್ತದೆ. ಅಲ್ಲಿ ಕತ್ತೆಕಿರುಬಗಳು ಮುತ್ತಿ, ಸಿಂಹ ಪಕ್ಕದಲ್ಲಿ ಕೂತಿದ್ದರೆ ಕಿರುಬಗಳೇ ಕಳ್ಳರು ಅನ್ನುವ ಅವಸರ ಬೇಡ. ಈ ಕುಳಿಯ ಕಿರುಬಗಳು ತಮ್ಮ ಆಹಾರದ ಬಹುಪಾಲನ್ನು ತಾವೇ ಬೇಟೆಯಾಡುತ್ತವೆ, ಎಷ್ಟೋ ಸಲ ಕಸಿಯಲು ಬರುವುದು ಸಿಂಹವೇ.

ಕಪ್ಪು ಖಡ್ಗಮೃಗಕ್ಕೆ ಬೆಳಗಿನ ಮೊದಲ ಮೂರು ಗಂಟೆಯನ್ನು ಮೀಸಲಿಡಬೇಕು. ಕುಳಿಯ ತಳದಲ್ಲೇ ಇರುವ ಲೆರಾಯ್ ಕಾಡಿನ ಅಂಚಿನ ಬಯಲಿನಲ್ಲಿ ದೂರದಿಂದ ಅದು ಕಪ್ಪು ಚುಕ್ಕೆಯಷ್ಟೇ. ಬಿಸಿಲೇರಿದ ಮೇಲೆ ಮಲಗಿಬಿಟ್ಟರೆ ಹುಲ್ಲಿನ ಮೇಲೆ ಎರಡು ಕಿವಿ ಮಾತ್ರ ಕಾಣುತ್ತವೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು, ಆದರೆ ಒಬ್ಬೊಬ್ಬರಿಗೂ ಒಂದೊಂದು ಬೇಕು. ಕೈಯಿಂದ ಕೈಗೆ ದಾಟಿಸುವಷ್ಟರಲ್ಲಿ ಚುಕ್ಕೆ ತಪ್ಪಿಹೋಗುತ್ತದೆ. 10 ಗಂಟೆ ದಾಟಿದರೆ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಚಿತ್ರವೆಲ್ಲ ನೀರಿನೊಳಗಿನಂತೆ ಅಲುಗುತ್ತದೆ, ಎಂಥ ದುಬಾರಿ ಲೆನ್ಸೂ ಅದನ್ನು ಸರಿಮಾಡಲಾರದು. ಹತ್ತಿರದ ಚಿತ್ರಕ್ಕೂ ಎಂಜಿನ್ ನಿಲ್ಲಿಸಬೇಕು, ಕ್ಯಾಮೆರಾದ ಕೆಳಗೆ ಅಕ್ಕಿಯನ್ನೋ ಕಾಳನ್ನೋ ತುಂಬಿದ ಚೀಲ ಇಡಬೇಕು.

ನಡುಹಗಲು ಬಯಲಿನಲ್ಲಿ ನೆರಳಿಲ್ಲ. ಸಿಂಹಗಳು ಎದ್ದು ಬಂದು ನಿಂತ ವಾಹನದ ನೆರಳಿನಲ್ಲೇ, ಕೆಲವೊಮ್ಮೆ ಚಕ್ರಕ್ಕೆ ಒರಗಿ ಮಲಗುತ್ತವೆ. ಆಗ ಕಿಟಕಿ ಏರಿಸಿ, ಮಾತು ತಗ್ಗಿಸಿ ಕಾಯುವುದೇ ಸರಿ. ಕೆಳಗೆ ಬಾಲ ಎಲ್ಲಿದೆ, ಪಂಜ ಎಲ್ಲಿದೆ ಅಂತ ಗೊತ್ತಿಲ್ಲದೆ ವಾಹನ ಕದಲಿಸಬಾರದು.

ಊಟಕ್ಕೆ ಎನ್‌ಗೊಯ್ಟೊಕಿಟೊಕ್ ಚಿಲುಮೆಯ ದಂಡೆ. ಇಳಿಯಲು ಅನುಮತಿ ಇರುವ ಕೆಲವೇ ಜಾಗಗಳಲ್ಲಿ ಇದೊಂದು, ನೀರಿನಲ್ಲಿ ನೀರಾನೆಗಳೂ ಕಾಣುತ್ತವೆ. ಊಟ ಮಾತ್ರ ವಾಹನದೊಳಗೇ. ಇಲ್ಲಿನ ಗಿಡುಗಗಳು ಹಿಂದಿನಿಂದ ಎರಗಿ ಕೈತುತ್ತು ಕಸಿಯುತ್ತವೆ, ಉಗುರು ತಾಗಿದರೆ ಬೆರಳು ಸೀಳುತ್ತದೆ.

ಜಿರಾಫೆ ಎಲ್ಲಿ ಎಂಬ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಬಂದೇ ಬರುತ್ತದೆ. ಕುಳಿಯೊಳಗೆ ಜಿರಾಫೆಗಳಿಲ್ಲ. ಕುಳಿಯ ಗೋಡೆ ತೀರಾ ಕಡಿದಾಗಿದೆ, ಇಳಿದರೂ ಎಟುಕಿ ಮೇಯುವಂಥ ಮರಗಳು ಕಡಿಮೆ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಆನೆಗಳಲ್ಲೂ ತಳದಲ್ಲಿ ಕಾಣುವುದು ಹೆಚ್ಚಾಗಿ ಉದ್ದ ದಂತದ ಮುದಿ ಗಂಡುಗಳು. ಹೆಣ್ಣು, ಮರಿಗಳ ಗುಂಪು ಕುಳಿಯ ಮೇಲಂಚಿನ ಕಾಡಿನಲ್ಲೇ ಹೆಚ್ಚು ಉಳಿಯುತ್ತವೆ.

ಸಂಜೆ 6ರೊಳಗೆ ಕುಳಿಯಿಂದ ಹೊರಬಿದ್ದಿರಬೇಕು. ಹತ್ತುವ ದಾರಿ ಇರುವುದು ಲೆರಾಯ್‌ನ ಹಳದಿ ತೊಗಟೆಯ ಅಕೇಶಿಯಾ ಮರಗಳ ಕಡೆ. ಅಲ್ಲಿ ಒಂದು ಗಂಡಾನೆ ರಸ್ತೆಗೆ ಅಡ್ಡ ನಿಂತು ಕೊಂಬೆ ಮುರಿಯುತ್ತಿದ್ದರೆ ಹಾರ್ನ್ ಹಾಕುವಂತಿಲ್ಲ, ದೂಡುವಂತಿಲ್ಲ. ಅದು ತಿಂದು ಮುಗಿಸಿ ಸರಿಯುವವರೆಗೂ ನಿಲ್ಲಬೇಕು. ಅದಕ್ಕಾಗಿಯೇ ಒಳ್ಳೆಯ ಗೈಡ್‌ಗಳು, ಸಿಂಹದ ಮುಂದೆ ನಿಂತಿದ್ದರೂ, ಅರ್ಧ ಗಂಟೆ ಮೊದಲೇ ವಾಹನ ತಿರುಗಿಸುತ್ತಾರೆ.