ಡಬ್ಬಿಯ ಪಾಲು

ನಮ್ಮವರಿಗೆ ಅರವತ್ತು ತುಂಬಿದಾಗ ಶಾಂತಿ, ಹೋಮ, ಊಟ ಯಾವುದೂ ಬೇಡವೆಂದರು. ಮಗ ಯಾರನ್ನೂ ಕೇಳದೆ ಹಡಗಿನ ಟಿಕೆಟ್ ತಂದ. ಮುಂಬಯಿಯಿಂದ ಗೋವಾ, ಆಮೇಲೆ ಒಂದು ಹಗಲು ಬರೀ ಕಡಲು, ಮತ್ತೆ ಮುಂಬಯಿ. ಮೂರು ರಾತ್ರಿ, ನಾವು ನಾಲ್ಕು ಜನ. ಇವರು ಮೂವತ್ತು ವರ್ಷ ಬಲ್ಲಾರ್ಡ್ ಎಸ್ಟೇಟಿನ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಲೆಕ್ಕ ಬರೆದವರು. ಯಾವ ಹಡಗು ಯಾವ ಡಾಕ್‌ನಲ್ಲಿದೆ, ಯಾವ ದಿನ ಖಾಲಿಯಾಗುತ್ತದೆ ಎಂಬುದೆಲ್ಲ ಬಾಯಿಪಾಠವಿತ್ತು. ಆದರೆ ಸ್ವತಃ ಹತ್ತಿದ್ದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚು ಮಾತ್ರ.

ಡಿಸೆಂಬರಿನ ಒಂದು ಸಂಜೆ ಹಡಗು ಬಲ್ಲಾರ್ಡ್ ಪಿಯರ್ ಬಿಟ್ಟಿತು. ಇವರು ಡೆಕ್ಕಿನ ಕಟಕಟೆ ಹಿಡಿದು, ತಮ್ಮ ಹಳೆಯ ಆಫೀಸಿದ್ದ ಕಟ್ಟಡ ಯಾವುದೆಂದು ಸೊಸೆಗೆ ತೋರಿಸುತ್ತಿದ್ದರು. ಕೊಲಾಬದ ತುದಿಯ ಪ್ರಾಂಗ್ಸ್ ದೀಪಸ್ತಂಭ ಹಿಂದಕ್ಕೆ ಸರಿಯುವವರೆಗೂ ಅಲ್ಲಿಂದ ಕದಲಲಿಲ್ಲ. ನಾನು ಕೋಣೆಗೆ ಬಂದು ಮೇಜಿನ ಮೇಲಿದ್ದ ಕಾಗದಗಳನ್ನು ಓದತೊಡಗಿದೆ. ಬ್ಯಾಂಕಿನಲ್ಲಿ 34 ವರ್ಷ ದುಡಿದವಳಿಗೆ ಅಚ್ಚಾದದ್ದನ್ನು ಓದದೆ ಬಿಡುವುದು ಆಗುವುದಿಲ್ಲ. ಎರಡನೆಯ ಪುಟದ ಕೆಳಗೆ ಸಣ್ಣಕ್ಷರದಲ್ಲಿತ್ತು: ಸರ್ವಿಸ್ ಚಾರ್ಜ್, ತಲೆಗೆ ಒಂದು ರಾತ್ರಿಗೆ 500 ರೂಪಾಯಿ, ಕೋಣೆಯ ಲೆಕ್ಕಕ್ಕೆ ತಾನಾಗಿ ಸೇರುತ್ತದೆ, ಒಪ್ಪಿಗೆಯಿಲ್ಲದವರು ರಿಸೆಪ್ಷನ್‌ನಲ್ಲಿ ತಿಳಿಸಬಹುದು.

ನಾಲ್ಕು ಜನ, ಮೂರು ರಾತ್ರಿ, 6,000 ರೂಪಾಯಿ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡನ್ನೇ ಎಲ್ಲ ಕಡೆ ತೋರಿಸಬೇಕು, ಕೊನೆಗೆ ಒಟ್ಟು ಮೊತ್ತ ಮಗನ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ. ಅದೇ ರಾತ್ರಿ ಕುಡಿದ ಎರಡು ಲೋಟ ಕಲ್ಲಂಗಡಿ ರಸದ ಚೀಟಿಯಲ್ಲೂ ಬೇರೆಯಾಗಿ ಸರ್ವಿಸ್ ಚಾರ್ಜ್ ಇತ್ತು. ನನಗೆ ಸಿಟ್ಟು ಬಂತು. ಕೇಳದೆ ಹಾಕಿ, ಬೇಡವಾದರೆ ಬಂದು ತೆಗೆಸಿಕೊಳ್ಳಿ ಅನ್ನುವ ರೀತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬ್ಯಾಂಕಿನಲ್ಲಿ ಗಿರಾಕಿಗಳ ಖಾತೆಗೆ ಅವರು ಕೇಳದ ವಿಮೆಯ ಕಂತು ಹಾಕಿದಾಗ ಜಗಳವಾಡಿದ್ದವಳು ನಾನು.

"ನಾಳೆಯೇ ಹೋಗಿ ತೆಗೆಸಿಬಿಡ್ತೇನೆ" ಎಂದೆ. "ಕೊಡುವುದಿದ್ದರೆ ಕೋಣೆಯ ಹುಡುಗನ ಕೈಗೆ ನಾವೇ ಕೊಡುವ."

ಇವರು ಚಪ್ಪಲಿ ಬಿಡುತ್ತಿದ್ದವರು ತಲೆಯೆತ್ತಿದರು. ಹೆಚ್ಚು ಮಾತಾಡುವವರಲ್ಲ. ಎಷ್ಟು ವರ್ಷ ಮುಂಬಯಿಯಲ್ಲಿದ್ದರೂ, ಮನಸ್ಸಿಗೆ ತಾಗಿದ ಮಾತು ಇವರ ಬಾಯಿಂದ ಕುಂದಾಪುರದ್ದಾಗಿಯೇ ಬರುತ್ತದೆ. "ಅದ್ ತೆಗಿಸುದ್ ಬ್ಯಾಡ ಮಾರಾಯ್ತಿ" ಎಂದರು. ಯಾಕೆಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮುರಗಾಂವ್ ಬಂದರು. ಗೋವಾ ನೋಡಿದ್ದರ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಮಂಗೇಶಿಗೆ ಹೋದೆವು, ಪಣಜಿಯಲ್ಲಿ ಊಟ ಮಾಡಿದೆವು. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇರಲಿಲ್ಲ. ಅದನ್ನು ಮಗನಿಗೆ ತೋರಿಸಿ, ದಡದ ಮೇಲಿನ ಕಾನೂನು ಹೇಳಿದೆ. ಹೋಟೆಲುಗಳು ತಾವಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. ದಿಲ್ಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. "ಹಾಗಾದರೆ ಹಡಗಿನಲ್ಲಿ ಯಾಕೆ ಅತ್ತೆ?" ಎಂದು ಸೊಸೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಇವರ ಅಣ್ಣನ ಮಗನಲ್ಲಿ. ಅವನು ಐದು ವರ್ಷದಿಂದ ಅಮೆರಿಕದ ಕಡೆ ಓಡುವ ದೊಡ್ಡ ಹಡಗಿನಲ್ಲಿದ್ದಾನೆ. ಅಡುಗೆಮನೆಯಲ್ಲಿ ಪಾತ್ರೆ, ತಟ್ಟೆ, ನೆಲ ತೊಳೆಯುವ ಕೆಲಸ. ಆಗ ರಜೆಯ ಮೇಲೆ ಊರಲ್ಲಿದ್ದ. ಮೊಬೈಲಿಗೆ ಸಿಗ್ನಲ್ ಇರುವಾಗಲೇ ಎಂದು ಮಾಂಡವಿ ದಂಡೆಯ ಕಲ್ಲುಬೆಂಚಿನಲ್ಲಿ ಕೂತು ಫೋನ್ ಮಾಡಿದೆ.

ಅವನು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ. ಹಿಂದೆ ಪ್ರಯಾಣದ ಕೊನೆಯ ರಾತ್ರಿ ಜನ ಲಕೋಟೆಯಲ್ಲಿ ದುಡ್ಡು ಹಾಕಿ ಕೋಣೆಯ ಸ್ಟೀವರ್ಡಿಗೊಂದು, ಊಟದ ಮೇಜಿನ ವೇಟರಿಗೊಂದು, ಅವನ ಸಹಾಯಕನಿಗೊಂದು ಕೊಡುವ ಪದ್ಧತಿ ಇತ್ತಂತೆ. ಹಡಗು ದೊಡ್ಡದಾಗಿ, ದಿನಕ್ಕೊಂದು ಕಡೆ ಊಟ ಮಾಡುವ ವ್ಯವಸ್ಥೆ ಬಂದ ಮೇಲೆ ಯಾರಿಗೆ ಯಾರು ಬಡಿಸಿದರೆಂಬ ಲೆಕ್ಕ ಉಳಿಯಲಿಲ್ಲ. ಆಗ ಕಂಪನಿಗಳು ತಲೆಗೆ ದಿನಕ್ಕೆ ಇಷ್ಟೆಂದು ತಾವೇ ಹಾಕತೊಡಗಿದವು. ಈಗ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕೋಣೆಗೆ ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು. ಆ ದುಡ್ಡು ಒಂದು ಕಡೆ ಸೇರಿ ಪಾಲಾಗುತ್ತದೆ. ಕಾಣುವವರಿಗೂ ಬರುತ್ತದೆ, ಕೆಳಗಿನ ಲಾಂಡ್ರಿಯಲ್ಲಿ ಚಾದರ ಒಗೆಯುವವರಂಥ ಕಾಣದವರಿಗೂ ಸ್ವಲ್ಪ ಬರಬಹುದು. ಯಾರಿಗೆ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

"ಜನ ತೆಗೆಸಿಬಿಟ್ಟು ಸ್ಟೀವರ್ಡ್ ಕೈಗೆ ನೋಟು ಕೊಡ್ತಾರೆ ಚಿಕ್ಕಮ್ಮ. ಅವನಿಗೇನೋ ಸಿಗ್ತದೆ. ನಮ್ಮನ್ನು ಯಾರು ನೋಡಿದ್ದಾರೆ ಕೊಡ್ಲಿಕ್ಕೆ?" ಎಂದ.

ಸಂಬಳದ ಬಗ್ಗೆಯೂ ಕೇಳಿದೆ. ಅನೇಕ ಕ್ರೂಸ್ ಹಡಗುಗಳಿಗೆ ಬಹಾಮಾಸ್ ಅಥವಾ ಪನಾಮಾದ ಬಾವುಟ. ಹತ್ತುವ ಜನ ಯಾವ ದೇಶದವರಾದರೂ ದುಡಿಯುವವರಿಗೆ ಮುಖ್ಯವಾಗಿ ಬಾವುಟದ ದೇಶದ ಕಾಯಿದೆ. ಎಲ್ಲರಿಗೂ ಸಾಮಾನ್ಯವಾದದ್ದು 2006ರ ಕಡಲ ಕಾರ್ಮಿಕ ಒಪ್ಪಂದ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು. ವಾರದಲ್ಲಿ ಇರುವುದು 168 ಗಂಟೆ, ಕಳೆದು ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯವಸ್ಥೆಯಲ್ಲಿ, ಡೆಕ್ಕಿನ ಮೇಲೆ ದುಡಿಯುವ ನುರಿತ ನಾವಿಕನಿಗೆ 2025ಕ್ಕೆ ಗೊತ್ತುಮಾಡಿದ ಕನಿಷ್ಠ ಮೂಲವೇತನ ತಿಂಗಳಿಗೆ 673 ಡಾಲರ್. ನಮ್ಮ ಹುಡುಗ ತಿಂಗಳುಗಟ್ಟಲೆ ವಾರದ ರಜೆಯಿಲ್ಲದೆ ದುಡಿದು ಬರುತ್ತಾನೆ. ಅವನು ಮನೆಗೆ ಬಂದಾಗಲೆಲ್ಲ ಎರಡು ದಿನ ನಿದ್ದೆ ಮಾಡಿಯೇ ಕಳೆಯುವುದನ್ನು ನೋಡಿ, ಸೋಮಾರಿ ಎಂದು ನಾವೇ ರೇಗಿಸಿದ್ದುಂಟು. ಇನ್ನು ಹಾಗೆ ಹೇಳಲಾರೆ.

ಮೂರನೆಯ ದಿನ ಬರೀ ಕಡಲು. ಮಧ್ಯಾಹ್ನದ ಊಟ ಮುಗಿಸಿ ಏಳುವಾಗ ಇವರು ನಾಲ್ವರ ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿ, ಚಮಚಗಳನ್ನು ಒಂದೇ ಕಡೆ ಹಾಕಿ, ಮೇಲೆ ಲೋಟ ಇಟ್ಟರು. ಮದುವೆಯಾದಾಗಿನಿಂದ ಎಲ್ಲ ಹೋಟೆಲಿನಲ್ಲೂ ಮಾಡುತ್ತಾರೆ. ನಾನು ಯಾವತ್ತೂ ಕಾರಣ ಕೇಳಿರಲಿಲ್ಲ. ಡೆಕ್ಕಿನ ನೆರಳಿನಲ್ಲಿ ಕೂತಾಗ ಆ ದಿನ ತಾವಾಗಿಯೇ ಹೇಳಿದರು.

1978ರಲ್ಲಿ, ಹದಿಮೂರರ ಪ್ರಾಯದಲ್ಲಿ, ಇವರನ್ನು ಊರಿನವರೊಬ್ಬರು ಬಸ್ಸಿನಲ್ಲಿ ಮುಂಬಯಿಗೆ ಕರೆತಂದು ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಸೇರಿಸಿದರು. ಹಗಲು ಮೋರಿಯಲ್ಲಿ ತಟ್ಟೆ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಸೋಡಾಪುಡಿಯ ನೀರಿನಲ್ಲಿ ಬೆರಳ ಸಂದಿಗಳು ಬೆಳ್ಳಗಾಗಿ ಒಡೆದು, ಶಾಲೆಯಲ್ಲಿ ಪೆನ್ಸಿಲ್ ಹಿಡಿದರೆ ಉರಿಯುತ್ತಿತ್ತಂತೆ. ಗಿರಾಕಿಗಳು ಬಡೀಶೇಪಿನ ತಟ್ಟೆಯಲ್ಲಿ ಬಿಟ್ಟುಹೋಗುವ ಹತ್ತು ಪೈಸೆ, ಚಾರಾಣೆ ಎಲ್ಲ ಮಾಣಿಗೆ. ಮೋರಿಯ ಹುಡುಗರು ಆ ತಟ್ಟೆ ಮುಟ್ಟಿದರೆ ಕೆನ್ನೆಗೆ ಬೀಳುತ್ತಿತ್ತು.

ಎರಡು ವರ್ಷದ ಮೇಲೆ ಸೇರಿದ ಇನ್ನೊಂದು ಹೋಟೆಲಿನಲ್ಲಿ ಕ್ರಮ ಬೇರೆ. ಗಲ್ಲಾದ ಪಕ್ಕ ಒಂದು ಡಾಲ್ಡಾ ಡಬ್ಬಿ. ಎಲ್ಲ ಟಿಪ್ಸೂ ಅದಕ್ಕೇ ಬೀಳಬೇಕು. ಹದಿನೈದು ದಿನಕ್ಕೊಮ್ಮೆ ಡಬ್ಬಿ ಬೋರಲು ಹಾಕಿ ಪಾಲು. ಮಾಣಿಗೆ ಎರಡು, ಚಾ-ಕಾಫಿ ಮಾಡುವವನಿಗೆ ಒಂದು, ಮೋರಿಯವರಿಗೆ ಅರ್ಧ. ಆ ಅರ್ಧ ಪಾಲಿನಿಂದಲೇ ಇವರು ಒಂಬತ್ತನೆಯ ಕ್ಲಾಸಿನ ಬೀಜಗಣಿತದ ಪುಸ್ತಕ ಕೊಂಡದ್ದು. ಆ ಪುಸ್ತಕ ಈಗಲೂ ನಮ್ಮ ಡೊಂಬಿವಲಿ ಮನೆಯ ಅಟ್ಟದಲ್ಲಿದೆ. ರದ್ದಿಯವನಿಗೆ ಹಾಕಲು ಹೋಗಿ ನಾನೊಮ್ಮೆ ಬೈಸಿಕೊಂಡಿದ್ದೆ.

"ಆದ್ರೆ ಕೇಳು" ಎಂದರು ಇವರು. ಡಬ್ಬಿ ತುಂಬತೊಡಗಿದ ಮೇಲೆ ಆ ಹೋಟೆಲಿನಲ್ಲಿ ಸಂಬಳ ಏರಿಸುವುದೇ ನಿಂತಿತು. ಗಣೇಶ ಚೌತಿಗೆ ಮುಂಚೆ ಎಲ್ಲರೂ ಸೇರಿ ಕೇಳಲು ಹೋದರೆ ಧಣಿ, "ನಿಮ್ಗೆ ಡಬ್ಬಿ ಇತ್ತಲ್ದಾ, ಸಂಬಳ ಎಂತಕೆ ಜಾಸ್ತಿ?" ಎಂದರಂತೆ. ಗಿರಾಕಿ ಪ್ರೀತಿಯಿಂದ ಬಿಟ್ಟುಹೋದ ಚಾರಾಣೆ ಧಣಿಯ ಖರ್ಚು ಉಳಿಸಿತು. ಹುಡುಗರಲ್ಲಿ ಕೆಲವರು ಸಿಟ್ಟಿನಲ್ಲಿ ಡಬ್ಬಿಯೇ ಬೇಡ, ಅವರವರ ಟಿಪ್ಸ್ ಅವರವರಿಗೆ ಎಂದರು. ಹಾಗೆಯೇ ಆಯಿತು. ಸಂಬಳ ಏರಲಿಲ್ಲ. ಮೋರಿಯವರ ಅರ್ಧ ಪಾಲು ಮಾತ್ರ ಹೋಯಿತು.

ನಾನು ಸುಮ್ಮನಾದೆ. ಹಿಂದಿನ ರಾತ್ರಿಯವರೆಗೂ ನನ್ನ ತಲೆಯಲ್ಲಿದ್ದದ್ದು ಎರಡೇ ಪಕ್ಷ, ಕಂಪನಿ ಮತ್ತು ಗಿರಾಕಿ. ನನ್ನ ಸಿಟ್ಟು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ದುಡಿಸಿಕೊಂಡವರು ಕೊಡಬೇಕಾದ ಕೂಲಿಯನ್ನು ಪ್ರಯಾಣಿಕರ ಮರ್ಜಿಗೆ ಬಿಡುವುದು, ಟಿಕೆಟಿನ ದರ ಕಡಿಮೆ ಕಾಣಿಸಿ ಆಮೇಲೆ ಬೇರೆ ಸಾಲಿನಲ್ಲಿ ಎತ್ತುವುದು ಅನ್ಯಾಯ. ಬ್ರಿಟನ್ನಿನ ಪಿ ಆ್ಯಂಡ್ ಓ ಕ್ರೂಸಸ್ 2019ರ ಮೇ ತಿಂಗಳಿಂದ ಈ ದಿನಗಟ್ಟಲೆಯ ಸರ್ವಿಸ್ ಚಾರ್ಜನ್ನೇ ಕೈಬಿಟ್ಟಿತು. ಹಿಂದೆ ಟಪಾಲು ತುಂಬಿಕೊಂಡು ಇದೇ ಬಲ್ಲಾರ್ಡ್ ಪಿಯರಿಗೆ ಬರುತ್ತಿದ್ದ ಪಿ ಆ್ಯಂಡ್ ಓ ಹಡಗುಗಳ ಹೆಸರನ್ನೇ ಹೊತ್ತ ಕಂಪನಿ. ಅವರಿಗೆ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯ. ಆದರೆ ನಾನು ರಿಸೆಪ್ಷನ್‌ಗೆ ಹೋಗಿ ಆ 6,000 ತೆಗೆಸಿದರೆ ಕಂಪನಿಗೆ ನೋವಾಗುವುದಿಲ್ಲ. ಡಬ್ಬಿ ಒಡೆದಂತಾಗುತ್ತದೆ, ಅಷ್ಟೆ.

ಅಂದು ರಾತ್ರಿಯ ಊಟದಲ್ಲಿ ಕೆಲಸದವರ ಮೆರವಣಿಗೆ ಇತ್ತು. ದೀಪ ಮಂಕು ಮಾಡಿ, ಹಾಡು ಹಾಕಿ, ವೇಟರುಗಳು ಕರವಸ್ತ್ರ ಬೀಸುತ್ತ ಮೇಜುಗಳ ನಡುವೆ ಬಂದರು. ಹಿಂದೆ ಎತ್ತರದ ಬಿಳಿ ಟೊಪ್ಪಿಯ ಅಡುಗೆಯವರು. ಎಲ್ಲರೂ ಚಪ್ಪಾಳೆ ಹೊಡೆದರು. ಇವರು ಎದ್ದುನಿಂತು ಸಾಲಿನ ಕೊನೆಯನ್ನು ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಿನ ಹತ್ತಿರ, ರಬ್ಬರಿನ ಏಪ್ರನ್ ಬಿಚ್ಚದೆ, ಮೂರು ಜನ ಹುಡುಗರು ಇಣುಕಿ ನಿಂತಿದ್ದರು. ಮೆರವಣಿಗೆಯೊಳಗೆ ಬರಲಿಲ್ಲ. ಇವರು ಅವರ ಕಡೆಗೇ ತಿರುಗಿ ಚಪ್ಪಾಳೆ ತಟ್ಟಿದರು. ಒಬ್ಬ ನೋಡಿ ಕೈಯೆತ್ತಿದ.

ನಮ್ಮ ಕೋಣೆಯ ಹುಡುಗ ಗೋವಾದ ಕಾಣಕೋಣದವನು. ಅವನ ಅಜ್ಜನೂ ತಾರವಟ್ಟಿ, ಹಡಗಿನಾಳು. ಆ ಅಜ್ಜ ಹಡಗು ಸಿಗುವವರೆಗೆ ಧೋಬಿ ತಲಾವದ ಕೂಡಿನಲ್ಲಿ, ಅಂದರೆ ಊರಿನವರು ಸೇರಿ ನಡೆಸುವ ವಸತಿಯಲ್ಲಿ, ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಗೋವಾದ ಊರೂರಿಗೊಂದರಂತೆ ಮುಂಬಯಿಯಲ್ಲಿದ್ದ ಆ ಕೂಡುಗಳು ನಮ್ಮವರಿಗೆ ಆಫೀಸಿನ ದಿನಗಳಿಂದ ಗೊತ್ತು. ಇಬ್ಬರೂ ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಹಿಂದಿಯಲ್ಲಿ ಮಾತಾಡಿದರು. ಕೊನೆಯಲ್ಲಿ ನಾನು ಅವನ ಕೈಗೊಂದು ಲಕೋಟೆ ಕೊಟ್ಟೆ. ಸರ್ವಿಸ್ ಚಾರ್ಜಿಗೆ ಬದಲಾಗಿ ಅಲ್ಲ, ಅದರ ಮೇಲೆ. ಮೂರು ದಿನವೂ ಇವರ ಮೊಣಕಾಲು ನೋವು ಕಂಡು, ಹೇಳದೆಯೇ ಎರಡನೆಯ ದಿಂಬು ತಂದಿಟ್ಟವನು ಅವನು.

ಬೆಳಿಗ್ಗೆ ಆರಕ್ಕೆ ರಿಸೆಪ್ಷನ್ ಮುಂದೆ ಉದ್ದದ ಸಾಲು. ನನ್ನ ಮುಂದಿದ್ದ ಕುಟುಂಬ ಎಂಟು ಜನರ ಸರ್ವಿಸ್ ಚಾರ್ಜ್ ತೆಗೆಸಿತು. ಕೌಂಟರಿನ ಹುಡುಗಿ ಫಾರಂ ಮುಂದಿಟ್ಟಳು, ಸಹಿ ತೆಗೆದುಕೊಂಡಳು, ಧನ್ಯವಾದ ಹೇಳಿದಳು. ನನ್ನ ಸರದಿ ಬಂದಾಗ ನನಗೂ ಅದೇ ಫಾರಂ ತೆಗೆದಳು. ಬೇಡವೆಂದೆ. ನನಗೆ ಎರಡು ವಿಷಯ ತಿಳಿಯಬೇಕಿತ್ತು. ಈ ದುಡ್ಡು ಯಾರು ಯಾರಿಗೆ, ಯಾವ ಪಾಲಿನಲ್ಲಿ ಹೋಗುತ್ತದೆ? ಇದು ಅವರ ಸಂಬಳದ ಮೇಲೆ ಸಿಗುವುದೋ, ಸಂಬಳದ ಒಳಗೇ ಸೇರಿದ್ದೋ? ಅವಳು ಒಳಗೆ ಹೋಗಿ ಕೇಳಿ ಬಂದಳು. "ನಮಗೆ ಹೇಳಿಲ್ಲ ಮೇಡಂ, ಆಫೀಸಿಗೆ ಇಮೇಲ್ ಮಾಡಿ" ಎಂದಳು. ಆ ದುಡ್ಡಿನಲ್ಲಿ ಅವಳಿಗೂ ಪಾಲಿರಬಹುದಿತ್ತು. ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದ ದಿನವೇ ಬರೆದೆ. ಅವೇ ಎರಡು ಪ್ರಶ್ನೆ, ಜೊತೆಗೆ ಒಂದು ಬೇಡಿಕೆ: ಇದನ್ನು ಟಿಕೆಟಿನ ದರದೊಳಗೇ ಸೇರಿಸಿ, ಯಾರೂ ತೆಗೆಯಲಾಗದಂತೆ ಸಂಬಳವಾಗಿ ಕೊಡಿ, ನಾವು ಸಂತೋಷದಿಂದ ಹೆಚ್ಚು ದರ ಕೊಡುತ್ತೇವೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಮತ್ತೆ ಬರೆದಿದ್ದೇನೆ, ತಿಂಗಳಿಗೊಮ್ಮೆ ಬರೆಯುತ್ತಲೇ ಇರುತ್ತೇನೆ.

ಜನವರಿ ಕೊನೆಯಲ್ಲಿ ಅಣ್ಣನ ಮಗ ಮತ್ತೆ ಹಡಗಿಗೆ ಹೊರಟ. ವೈದ್ಯಕೀಯ ತಪಾಸಣೆಗೆಂದು ಬಂದವನು ಎರಡು ದಿನ ನಮ್ಮಲ್ಲೇ ಇದ್ದ. ಈ ಸಲ ಅವನಿಗೆ ಬಡ್ತಿ, ಸಹಾಯಕ ವೇಟರ್. "ಇನ್ನು ನಂಗೂ ಲಕೋಟೆ ಸಿಗ್ತದೆ ಚಿಕ್ಕಮ್ಮ" ಎಂದು ಹೊಸ ಕಪ್ಪು ಬೂಟುಗಳನ್ನು ತೆಗೆದು ತೋರಿಸಿದ. ನಾನು ಕೊಟ್ಟೆ ಕಡುಬು ಬಡಿಸುತ್ತಿದ್ದೆ. ಇವರು ಬೂಟು ಕೈಗೆತ್ತಿಕೊಂಡು, ಅಡಿ ಜಾರುತ್ತದೆಯೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನಿನ್ನ ಜಾಗಕ್ಕೆ ಯಾರು?" ಎಂದು ಕೇಳಿದರು.

"ಯಾರೋ ಹೊಸ ಹುಡುಗ ಚಿಕ್ಕಪ್ಪ. ಹೆಸರು ಗೊತ್ತಿಲ್ಲ."

"ಹೋದ ಕೂಡಲೇ ಕೇಳಿಕೋ" ಎಂದರು ಇವರು.