ನಾಸಿಕದ ನಾಮಾವಳಿಯಲ್ಲಿ ಸಿಕ್ಕ ನಮ್ಮ ಸಣ್ಣ ಮುತ್ಯಾ

ನಮ್ಮ ಸಣ್ಣ ಮುತ್ಯಾ, ಅಂದರೆ ಅಜ್ಜನ ತಮ್ಮ, ಬಾವಿ ಪಾಲಿನ ಜಗಳದಲ್ಲಿ ಹೆಂಡತಿ ಮಗನನ್ನು ಕರೆದುಕೊಂಡು ರಾತ್ರೋರಾತ್ರಿ ಊರು ಬಿಟ್ಟರು. ಇಂಡಿ ತಾಲೂಕಿನ ನಮ್ಮ ಹಳ್ಳಿಗೆ ಮತ್ತೆ ಬರಲೇ ಇಲ್ಲ. ಅವರ ಹೆಸರು ತೆಗೆದರೆ ಅಜ್ಜ ಎದ್ದು ಹೊರಗೆ ಹೋಗುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಹುಡುಕುವ ಹಂಬಲ ಅಪ್ಪನಿಗೆ ಹತ್ತಿತು. ಹಾಗಾಗಿ ನಾವಿಬ್ಬರೂ ನಾಸಿಕಕ್ಕೆ ಹೋಗಿಬಂದೆವು. ಮನೆಬಿಟ್ಟು ಹೋದ ಹಿರಿಯರನ್ನು ಹುಡುಕುವ ಯೋಚನೆ ನಿಮಗೂ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ದಾರಿ ತೋರಿಸಿದ್ದು ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು, ಮನೆಮನೆಗೆ ಬಂದು ಓದಿ ಹೇಳಿ ಕಾಳು ಪಡೆಯುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ನಮ್ಮ ಮನೆಯ ಹೆಳವರು ಈಗ ಬೈಕಿನಲ್ಲಿ ಬರುತ್ತಾರೆ. ಕಟ್ಟೆ ಮೇಲೆ ಕೂತು ಪುಸ್ತಕ ಬಿಚ್ಚಿ ಏಳು ತಲೆಮಾರಿನಿಂದ ಓದಿದರು. ಸಣ್ಣ ಮುತ್ಯಾನ ಹೆಸರು ಬಂದಾಗ ನಿಂತರು. "ಈ ಬಳ್ಳಿ ಸೊಲ್ಲಾಪುರಕ್ಕ ಹೋತ್ರಿ. ಮುಂದಿಂದು ನನ್ನ ಹಂತೇಕ ಇಲ್ಲ. ನಿಮ್ಮವ್ರು ಅಸ್ಥಿ ಬಿಡಾಕ ಎಲ್ಲಿಗೆ ಹೋಗ್ತಿದ್ರು? ಅಲ್ಲಿ ಕೇಳ್ರಿ" ಅಂದರು. ನಮ್ಮವರು ಹೋಗುತ್ತಿದ್ದದ್ದು ನಾಸಿಕಕ್ಕೆ.

ಅಲ್ಲಿ ಗೋದಾವರಿಯ ರಾಮಕುಂಡದ ಬಳಿ ತೀರ್ಥೋಪಾಧ್ಯಾಯರು, ಅಂದರೆ ಕ್ಷೇತ್ರದ ಪುರೋಹಿತರು ಇದ್ದಾರೆ. ಅಸ್ಥಿ ಬಿಡಲು, ಶ್ರಾದ್ಧಕ್ಕೆ, ಕುಂಭಕ್ಕೆ ಬಂದವರ ಹೆಸರು, ಊರು, ಜೊತೆಗೆ ಬಂದವರು ಯಾರು ಅನ್ನೋದನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡು ಬಂದಿದ್ದಾರೆ. ಅದಕ್ಕೆ ನಾಮಾವಳಿ ಅನ್ನುತ್ತಾರೆ. ಹರಿದ್ವಾರ, ಗಯಾಗಳಲ್ಲೂ ಇಂಥ ಪುಸ್ತಕಗಳಿವೆ. ನಿಮ್ಮ ಹಿರಿಯರು ಯಾವ ಕ್ಷೇತ್ರಕ್ಕೆ ಹೋಗುತ್ತಿದ್ದರು ಅಂತ ಮೊದಲು ಮನೆಯ ವಯಸ್ಸಾದವರನ್ನು ಕೇಳಿ. ಹೂಳುವ ಸಂಪ್ರದಾಯದ ಮನೆಯವರಾದರೆ ಅಸ್ಥಿಯ ಜಾಡು ಇರುವುದಿಲ್ಲ, ಹೆಳವರ ಪುಸ್ತಕವೇ ಜಾಸ್ತಿ ಉಪಯೋಗ.

ಹೊರಡುವ ಮುಂಚೆ ಒಂದು ಕೆಲಸ ಮಾಡಲೇಬೇಕು. ಹೊಲದ ಹಳೇ ಉತಾರ (ಪಹಣಿ) ತೆಗೆಸಿ. ನಮಗೆ ಮುತ್ತಜ್ಜನ ಪೂರ್ತಿ ಹೆಸರು ಸಿಕ್ಕಿದ್ದು ಅದರಲ್ಲೇ. ಈಗ ನಾವು ಬಳಸುವ ಅಡ್ಡಹೆಸರು ಶಾಲೆಯ ಮಾಸ್ತರರು ಹಚ್ಚಿದ್ದು, ಉತಾರದಲ್ಲಿ ಬೇರೆಯೇ ಇತ್ತು! ಹೊಸ ಅಡ್ಡಹೆಸರು ಹಿಡಿದು ಹೋಗಿದ್ದರೆ ಬರಿಗೈಲಿ ಬರುತ್ತಿದ್ದೆವು. ಊರಿನ ಹಳೇ ಹೆಸರು, ಹಳೇ ತಾಲೂಕು, ಜಿಲ್ಲೆಯನ್ನೂ ಬರೆದುಕೊಳ್ಳಿ. ವಿಜಾಪುರ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು, ಆಗಿನ ಬರಹದಲ್ಲಿ ಊರ ಹೆಸರುಗಳು ಮರಾಠಿ ಉಚ್ಚಾರದಲ್ಲಿ ಇರುತ್ತವೆ.

ಪ್ರಯಾಣ ಸುಲಭ. ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನ್ಮಾಡದಲ್ಲಿ ಇಳಿದೆವು. ಅಲ್ಲಿಂದ ಇನ್ನೊಂದು ರೈಲಿನಲ್ಲಿ ನಾಸಿಕ ರೋಡ್. ರಾಮಕುಂಡ ಇರುವ ಪಂಚವಟಿ ಸ್ಟೇಷನ್‌ನಿಂದ ಸುಮಾರು ಹತ್ತು ಕಿಲೋಮೀಟರ್. ಮಳೆಗಾಲದಲ್ಲಿ ಹೋಗಬೇಡಿ. ಘಾಟಿನಲ್ಲಿ ದುತೋಂಡ್ಯಾ ಮಾರುತಿಯ ದೊಡ್ಡ ಮೂರ್ತಿ ಇದೆ. ಅದರ ಎಲ್ಲಿವರೆಗೆ ನೀರು ಬಂತು ಅನ್ನುವುದರ ಮೇಲೆ ಊರಿನವರು ನೆರೆ ಅಳೆಯುತ್ತಾರೆ ಅಂದರೆ ಯೋಚಿಸಿ. ಪಿತೃಪಕ್ಷದಲ್ಲಿ ಉಪಾಧ್ಯಾಯರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲ್ಲ. 2027ರ ಸಿಂಹಸ್ಥ ಕುಂಭದ ಗದ್ದಲದಲ್ಲಂತೂ ಪುಸ್ತಕ ಹುಡುಕಿಸುವ ಮಾತೇ ಬೇಡ.

ಘಾಟಿಗೆ ಕಾಲಿಟ್ಟ ಕೂಡಲೇ ಒಬ್ಬರು ನಮ್ಮನ್ನು ಹಿಡಿದು ಕೂರಿಸಿದರು. "ನಿಮ್ಮ ಪುಸ್ತಕ ನಮ್ಮಲ್ಲೇ ಇದೆ" ಅಂದರು. ಅರ್ಧ ಗಂಟೆ ಸುಮ್ನೆ ಪುಟ ತಿರುವಿ, ಬೇರೆ ಯಾರದೋ ಮನೆತನ ಓದಿ, ದಕ್ಷಿಣೆ ಕೇಳಿದರು. ಅಪ್ಪನಿಗೆ ಸಿಟ್ಟು ಬಂದು ಎದ್ದೇಬಿಟ್ಟರು. ಯಾವ ಸೀಮೆಗೆ ಯಾವ ಉಪಾಧ್ಯಾಯರು ಅನ್ನೋದು ಅಲ್ಲಿ ಹಂಚಿಹೋಗಿರುತ್ತದೆ. ನಿಮ್ಮ ಜಿಲ್ಲೆ, ಜಾತಿ, ಅಡ್ಡಹೆಸರು ಹೇಳಿ ನಾಲ್ಕು ಜನರ ಹತ್ತಿರ ವಿಚಾರಿಸಿ, ಆಮೇಲೆ ಕೂತುಕೊಳ್ಳಿ. ದಕ್ಷಿಣೆ ಮೊದಲೇ ಮಾತಾಡಿ. ನಾವು ಕೊನೆಗೆ 1,100 ರೂಪಾಯಿ ಕೊಟ್ಟೆವು.

ಸರಿಯಾದ ಮನೆ ಸಿಕ್ಕಿದ್ದು ಮಧ್ಯಾಹ್ನದ ಹೊತ್ತಿಗೆ. ಅಟ್ಟದಿಂದ ಕೆಂಪು ಬಟ್ಟೆಯ ಗಂಟು ಇಳಿಸಿದರು. ಕರ್ಪೂರದ ವಾಸನೆ, ಅಂಚು ತಿಂದುಹೋದ ಹಾಳೆಗಳು. ಹಳೇ ಪುಟಗಳೆಲ್ಲ ಮೋಡಿ ಲಿಪಿ, ಅಂದರೆ ಮರಾಠಿಯ ಹಳೇ ಕೂಡುಬರಹ, ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಅವರು ಬೆರಳಿಟ್ಟು ಓದುತ್ತಾ ಹೋದರು, ನಾನು ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇದನ್ನು ನೀವೂ ಮಾಡಿ. ಓದುವ ವೇಗಕ್ಕೆ ಕೈಯಲ್ಲಿ ಬರೆದುಕೊಳ್ಳಲು ಆಗಲ್ಲ. ಫೋಟೋಗೆ ಅವರು ಒಪ್ಪಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ.

ಒಂದು ಪುಟದಲ್ಲಿ ಅಪ್ಪ ತಟ್ಟನೆ ಅವರ ಕೈ ಹಿಡಿದರು. ಮೋಡಿ ಸಾಲುಗಳ ಕೆಳಗೆ ಕನ್ನಡದ ಒಂದು ಸಹಿ! ಅಕ್ಷರ ಸೊಟ್ಟಗೆ, ಶಾಯಿ ಮಾಸಿದೆ. ಸಣ್ಣ ಮುತ್ಯಾ ಹೆಸರಿನ ಜೊತೆ ನಮ್ಮ ಹಳ್ಳಿಯ ಹೆಸರನ್ನೂ ಬರೆದಿದ್ದರು. ಶಕೆ 1884. ಶಕೆಗೆ 78 ಸೇರಿಸಿದರೆ ನಮ್ಮ ಇಸವಿ ಬರುತ್ತದೆ, ಅಂದರೆ 1962. ಹೆಂಡತಿಯ ಅಸ್ಥಿ ತಂದಿದ್ದರು, ಜೊತೆಗೆ ಒಬ್ಬ ಮಗ. ವಾಸ ಸೊಲ್ಲಾಪುರ, ಬಟ್ಟೆ ಗಿರಣಿ ಹತ್ತಿರದ ಒಂದು ಚಾಳು (ಸಾಲುಮನೆ). ಊರು ಬಿಟ್ಟವರು ಅಲ್ಲೂ ಊರಿನ ಹೆಸರು ಬಿಟ್ಟಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಏಳುವ ಮೊದಲು ನಿಮ್ಮ ಮನೆಯ ಈಗಿನ ಹೆಸರುಗಳು, ಫೋನ್ ನಂಬರ್ ಬರೆಸಿ ಬನ್ನಿ. ಆ ಕಡೆಯವರು ಎಂದಾದರೂ ನಿಮ್ಮನ್ನು ಹುಡುಕಿಕೊಂಡು ಬಂದರೆ ಅದೇ ಗುರುತು.

ವಾಪಸ್ ಬರುವಾಗ ಸೊಲ್ಲಾಪುರದಲ್ಲಿ ಇಳಿದೆವು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಗಿದೆ, ಚಾಳಿನ ಜಾಗದಲ್ಲಿ ಅಪಾರ್ಟ್‌ಮೆಂಟ್. ಇಂಥ ಕಡೆ ಕಚೇರಿಗಿಂತ ಹಳೇ ಪಾನ್ ಅಂಗಡಿ ವಾಸಿ. ಅಂಗಡಿಯ ಮುದುಕರಿಗೆ ಕನ್ನಡ ಬರುತ್ತಿತ್ತು, ಸೊಲ್ಲಾಪುರದಲ್ಲಿ ಅದೇನು ವಿಶೇಷ ಅಲ್ಲ. ಮೂರು ಪೇಟೆ ಸುತ್ತಿದ ಮೇಲೆ ಸಣ್ಣ ಮುತ್ಯಾನ ಮೊಮ್ಮಗಳ ಮನೆ ಸಿಕ್ಕಿತು. ಆಕೆ ಮಾತಾಡೋದು ಮರಾಠಿ. ಬಾಗಿಲಲ್ಲೇ ಅನುಮಾನದಿಂದ ನಿಂತಿದ್ದಳು. ಅಪ್ಪ ಹಳ್ಳಿಯ ಹೆಸರು ಹೇಳಿದ ಮೇಲೆ "ಬರ್ರಿ, ಕುಂದರ್ರಿ" ಅಂದಳು. ಅವಳಿಗೆ ಗೊತ್ತಿದ್ದ ಕನ್ನಡ ಅಷ್ಟೇ.

ಅವಳ ಮನೆಯ ಐದು ಹೆಸರು ಬರೆದುಕೊಂಡು ಬಂದಿದ್ದೇವೆ. ಮೂರು ಹೆಣ್ಣುಮಕ್ಕಳವು. ನಾಸಿಕದ ನಮ್ಮ ಪುಟದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಒಂದೂ ಇರಲಿಲ್ಲ. ಹೆಳವರು ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಐದನ್ನೂ ಬರೆದುಕೊಳ್ಳದಿದ್ದರೆ ಈ ಸಲ ಜೋಳ ಅಳೆಯೋದಿಲ್ಲ ಅಂತ ಅಪ್ಪ ಈಗಲೇ ಹೇಳುತ್ತಿದ್ದಾರೆ.