ಠೇವಣಿಯ ಹಣ ಕಲಿಸಿದ ಉದ್ಯಮಶೀಲತೆ

ಪದವಿಗೆ ಉದ್ಯಮಶೀಲತೆಯನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡಾಗಿನಿಂದ ನನ್ನನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಉದ್ಯಮ ಕಟ್ಟುವುದನ್ನು ತರಗತಿಯಲ್ಲಿ ಕುಳಿತು ಕಲಿಯಲು ಬರುತ್ತದೆಯೇ? ಈ ಸಂಶಯ ಹಳೆಯದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೈಲ್ಸ್ ಮೇಸ್ ಅವರು ಹೊಸ ಉದ್ಯಮಗಳ ನಿರ್ವಹಣೆಯ ಪಾಠ ಆರಂಭಿಸಿದಾಗ 188 ವಿದ್ಯಾರ್ಥಿಗಳು ಸೇರಿದ್ದರು. ಆ ಬಳಿಕ ಈ ವಿಷಯ ಪದವಿ ತರಗತಿಗಳವರೆಗೂ ಬಂದಿದ್ದರೂ ಸಂಶಯ ಮಾತ್ರ ಹೋಗಿಲ್ಲ. ಧೈರ್ಯವನ್ನು ಯಾರೂ ಪಾಠ ಮಾಡಲಾರರು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೈಯಲ್ಲಿರುವ ಹಣದಲ್ಲಿ ನಮ್ಮದು ಎಷ್ಟು, ಗ್ರಾಹಕರ ಮಾತಿನಲ್ಲಿ ನೆಚ್ಚಿಕೊಳ್ಳಬಹುದಾದದ್ದು ಎಷ್ಟು ಎಂದು ಅಳೆಯುವುದನ್ನು ಖಂಡಿತ ಕಲಿಸಬಹುದು. ಈ ಪದವಿ ನನಗೆ ಕೊಟ್ಟದ್ದು ಮುಖ್ಯವಾಗಿ ಅದನ್ನೇ.

ಮೊದಲ ವರ್ಷ ಸಿದ್ಧಾಂತವೇ ಹೆಚ್ಚು. ಉದ್ಯಮಿಯ ಬಗ್ಗೆ ಬಹಳ ಹಿಂದೆಯೇ ಚಿಂತಿಸಿದ ರಿಚರ್ಡ್ ಕ್ಯಾಂಟಿಲನ್‌ನ ಪ್ರಬಂಧ ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1755ರಲ್ಲಿ. ಭೂಮಾಲೀಕನಿಗೆ ನಿಗದಿಯಾದ ಗೇಣಿ ಕೊಡಲು ಒಪ್ಪಿಕೊಂಡು, ಫಸಲಿಗೆ ಯಾವ ಬೆಲೆ ಸಿಕ್ಕೀತೆಂದು ತಿಳಿಯದೆಯೇ ಬಿತ್ತುವ ರೈತನನ್ನೂ ಆತ ಉದ್ಯಮಿಗಳ ಸಾಲಿನಲ್ಲಿ ನಿಲ್ಲಿಸುತ್ತಾನೆ. 1921ರಲ್ಲಿ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್, ಸಂಭವನೀಯತೆಯನ್ನು ಲೆಕ್ಕ ಹಾಕಬಹುದಾದ ಅಪಾಯ ಬೇರೆ, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಬೇರೆ ಎಂದು ವಿಂಗಡಿಸಿ, ಉದ್ಯಮಿಯ ಲಾಭ ಹುಟ್ಟುವುದು ಎರಡನೆಯದರಿಂದ ಎಂದರು. ಪರೀಕ್ಷೆಗೆಂದು ಓದಿದ ಈ ಮಾತುಗಳ ತೂಕ ನನಗೆ ತಿಳಿದದ್ದು ಮುಂದಿನ ವರ್ಷ.

ಎರಡನೆಯ ವರ್ಷ ಪ್ರತಿ ತಂಡವೂ ಸಣ್ಣದೊಂದು ಉದ್ಯಮವನ್ನು ನಿಜವಾಗಿಯೇ ನಡೆಸಬೇಕಿತ್ತು. ನಮ್ಮ ನಾಲ್ವರ ತಂಡ ಪಠ್ಯಪುಸ್ತಕಗಳನ್ನು ಸೆಮಿಸ್ಟರ್ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ನಿರ್ಧರಿಸಿತು. ಆರಂಭಿಸುವ ಮೊದಲು 40 ಸಹಪಾಠಿಗಳನ್ನು ‘ಇಂಥ ಸೌಲಭ್ಯ ಬಂದರೆ ಬಳಸುತ್ತೀರಾ?’ ಎಂದು ಕೇಳಿದೆವು; 33 ಮಂದಿ ಹೌದೆಂದರು, ಹಣ ಕೊಟ್ಟು ಪುಸ್ತಕ ಒಯ್ದವರು ಒಂಬತ್ತು ಮಂದಿ. ಹೌದೆಂದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದು ಮುಂದಿನ ಊಹೆಯನ್ನು, ಸ್ನೇಹಿತರಿಗೆ ಬೇಸರವಾಗದಂತೆ ಅವರು ಉತ್ತರಿಸಿದ್ದರು. ಹೋದ ಸೆಮಿಸ್ಟರಿನಲ್ಲಿ ಪುಸ್ತಕಗಳನ್ನು ಹೇಗೆ ಹೊಂದಿಸಿಕೊಂಡಿರಿ, ಎಷ್ಟು ಖರ್ಚಾಯಿತು, ಯಾವುದು ಕೊನೆಗೂ ಸಿಗಲಿಲ್ಲ ಎಂದು ನಡೆದುಹೋದದ್ದನ್ನು ಕೇಳಿದ್ದರೆ, ಬಹುತೇಕರು ಗ್ರಂಥಾಲಯದಿಂದಲೋ ಹಿರಿಯ ವಿದ್ಯಾರ್ಥಿಗಳಿಂದಲೋ ಕೆಲಸ ಸಾಗಿಸುತ್ತಾರೆ, ಕೊರತೆ ಇರುವುದು ಕೆಲವೇ ದುಬಾರಿ ಪುಸ್ತಕಗಳಿಗೆ ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ಆ ದುಬಾರಿ ಪುಸ್ತಕಗಳಿಗೇ ಸೀಮಿತವಾದ ಮೇಲೆ ಬೇಡಿಕೆ ಏರಿತು. ಪುಸ್ತಕ ಹಿಂತಿರುಗಿಸುವ ಭರವಸೆಗಾಗಿ ಅದರ ಅರ್ಧ ಬೆಲೆಯನ್ನು ಠೇವಣಿಯಾಗಿ ಪಡೆಯುತ್ತಿದ್ದೆವು. ಪೆಟ್ಟಿಗೆ ತುಂಬಿತ್ತು, ತುಂಬಿದ್ದರಿಂದ ಇನ್ನಷ್ಟು ಪುಸ್ತಕ ಕೊಂಡೆವು. ಸೆಮಿಸ್ಟರ್ ಮುಗಿದು ಎಲ್ಲರೂ ಒಂದೇ ವಾರದಲ್ಲಿ ಪುಸ್ತಕ ಹಿಡಿದು ಬಂದಾಗ ಠೇವಣಿ ಮರಳಿಸಲು ನಮ್ಮಲ್ಲಿ ಹಣವಿರಲಿಲ್ಲ. ಲಾಭ-ನಷ್ಟದ ಪಟ್ಟಿಯಲ್ಲಿ ನಾವು ನಷ್ಟದಲ್ಲಿರಲಿಲ್ಲ, ಕಪಾಟಿನಲ್ಲಿ ಪುಸ್ತಕಗಳೂ ಇದ್ದವು, ಇಲ್ಲದಿದ್ದದ್ದು ನಗದು. ಠೇವಣಿ ಆದಾಯವಲ್ಲ, ಅದು ಹಿಂತಿರುಗಿಸಬೇಕಾದ ಸಾಲ, ಹೊಣೆಗಾರಿಕೆಗಳ ಕಡೆ ಬರೆಯಬೇಕಾದ ಬಾಬ್ತು ಎಂದು ಲೆಕ್ಕಶಾಸ್ತ್ರದ ಪರೀಕ್ಷೆಯಲ್ಲಿ ನಾನೇ ಸರಿಯಾಗಿ ಉತ್ತರಿಸಿದ್ದೆ. ಆದರೂ ಕೈಯಲ್ಲಿ ನೋಟುಗಳಿದ್ದಾಗ ಅದು ನಮ್ಮದೇ ಹಣವೆನಿಸಿತು. ನಾಲ್ವರೂ ಸ್ವಂತ ಉಳಿತಾಯದಿಂದ ಎಲ್ಲರ ಠೇವಣಿ ತೀರಿಸಿದೆವು. ಕೊಡಬೇಕಾದದ್ದು ಖಚಿತ, ಬರುವುದು ಅನಿಶ್ಚಿತ ಎಂಬ ಕ್ಯಾಂಟಿಲನ್‌ನ ರೈತನ ಸ್ಥಿತಿ ಆ ವಾರ ನನಗೆ ಅರ್ಥವಾಯಿತು.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆವು. ಬಾಡಿಗೆ ಪುಸ್ತಕದ ಬೆಲೆಯ ಕಾಲು ಭಾಗ. ಅಂದರೆ ಒಂದು ಪ್ರತಿ ನಾಲ್ಕು ಸಲ ಹೊರಗೆ ಹೋದರೆ ಮಾತ್ರ ಅದರ ಬೆಲೆ ಹುಟ್ಟುತ್ತದೆ. ವರ್ಷಕ್ಕೆ ಎರಡೇ ಸೆಮಿಸ್ಟರ್ ಇರುವುದರಿಂದ ಅದಕ್ಕೆ ಎರಡು ವರ್ಷ ಬೇಕು, ಅಷ್ಟರಲ್ಲಿ ಹೊಸ ಆವೃತ್ತಿ ಬಂದರೆ ಪ್ರತಿ ನಿರುಪಯೋಗಿ.

ಇಂಥ ಹೊತ್ತಿನಲ್ಲಿ ನನಗೆ ನೆರವಾದದ್ದು ಸರಸ್ ಸರಸ್ವತಿ ಅವರ ಸಂಶೋಧನೆ. ಅವರು 27 ಅನುಭವಿ ಉದ್ಯಮಿಗಳಿಗೆ ಕಾಲ್ಪನಿಕ ಸರಕೊಂದರ ಸಮಸ್ಯೆ ಕೊಟ್ಟು, ಯೋಚಿಸುವುದನ್ನು ಗಟ್ಟಿಯಾಗಿ ಹೇಳುತ್ತ ಬಿಡಿಸುವಂತೆ ಕೇಳಿದ್ದರು. ಎಷ್ಟು ಲಾಭ ಬಂದೀತು ಎಂಬುದಕ್ಕಿಂತ ಎಷ್ಟು ಹೋದರೆ ತಾಳಿಕೊಳ್ಳಬಲ್ಲೆ ಎಂಬುದರಿಂದ ಹೊರಡುವುದು ಆ ಉದ್ಯಮಿಗಳ ಕ್ರಮದ ಒಂದು ಮುಖ್ಯ ಲಕ್ಷಣವಾಗಿತ್ತು. ವಿದ್ಯಾರ್ಥಿಗೆ ಈ ಪ್ರಶ್ನೆ ಹಣಕ್ಕಷ್ಟೇ ಅಲ್ಲ, ಸಮಯಕ್ಕೂ ಅನ್ವಯಿಸುತ್ತದೆ. ಯೋಜನೆಗೆಂದು ನಾನು ಬಿಟ್ಟ ಸಂಖ್ಯಾಶಾಸ್ತ್ರದ ತರಗತಿಗಳ ಬೆಲೆಯನ್ನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ಈ ಕೋರ್ಸಿನ ಬಗ್ಗೆ ನನ್ನ ತಕರಾರು ಒಂದಿದೆ. ತೀರ್ಪುಗಾರರ ಮುಂದೆ ಹತ್ತು ನಿಮಿಷ ಚೆನ್ನಾಗಿ ಮಾತನಾಡುವುದಕ್ಕೆ ಸಿಗುವ ಅಂಕ, ಒಂದು ಸೆಮಿಸ್ಟರಿನ ನಗದು ಪುಸ್ತಕವನ್ನು ತಪ್ಪಿಲ್ಲದೆ ಬರೆದಿಡುವುದಕ್ಕೆ ಸಿಗುವುದಿಲ್ಲ. ನಮ್ಮ ಪ್ರಸ್ತುತಿಗೆ ಮೆಚ್ಚುಗೆ ಬಂದದ್ದು ಠೇವಣಿಯ ಹಣ ಕರಗುತ್ತಿದ್ದ ತಿಂಗಳಲ್ಲೇ.

ಅಂತಿಮ ವರ್ಷಕ್ಕೂ ಅದೇ ಯೋಜನೆಯನ್ನು ಮುಂದುವರಿಸಿದ್ದೇವೆ. ಠೇವಣಿ ಈಗ ಬೇರೆ ಖಾತೆಯಲ್ಲಿದೆ, ಅದರಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕು. ಹೊಸ ಪುಸ್ತಕ ಕೊಳ್ಳುವುದು ಬಾಡಿಗೆಯಿಂದ ಬಂದ ಹಣದಲ್ಲಿ ಮಾತ್ರವಾದ್ದರಿಂದ ಸಂಗ್ರಹ ನಿಧಾನವಾಗಿ ಬೆಳೆಯುತ್ತಿದೆ. ಹೋದ ಸೆಮಿಸ್ಟರಿನ ಕೊನೆಯ ವಾರ ಬಂದವರೆಲ್ಲರಿಗೂ ಠೇವಣಿ ಅಂದೇ ಮರಳಿತು.